ಮಧುಗಿರಿ ಉಪವಿಭಾಗ: ಉದ್ಯೋಗ ಮತ್ತು ನಿರುದ್ಯೋಗದ ಮಾಸಿಕ ಏರಿಳಿತ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಧುಗಿರಿ ಕಂದಾಯ ಉಪವಿಭಾಗಕ್ಕೆ ಸೇರಿವೆ. ಜಯಮಂಗಲಿ, ಸುವರ್ಣಮುಖಿ, ಉತ್ತರ ಪಿನಾಕಿನಿ ನದಿಗಳು ಮಳೆಗಾಲದಲ್ಲಷ್ಟೇ ಹರಿಯುವ ಈ ಬಯಲುಸೀಮೆಯಲ್ಲಿ ಬೇಸಾಯ ಹೆಚ್ಚಾಗಿ ಮಳೆಯನ್ನೇ ನಂಬಿದೆ. ಕೂಲಿ ಕೆಲಸ ತಿಂಗಳಿಂದ ತಿಂಗಳಿಗೆ ಏರಿಳಿಯಲು ಇದೇ ಮುಖ್ಯ ಕಾರಣ.

ಬೇಸಾಯದ ತಿಂಗಳುಗಳು. ಜೂನ್–ಜುಲೈನಲ್ಲಿ ಕಡಲೆಕಾಯಿ, ಅದರ ಬೆನ್ನಿಗೆ ರಾಗಿ ಬಿತ್ತನೆಯಾಗುತ್ತದೆ. ಕಳೆ ತೆಗೆಯುವ ಕೆಲಸ ಬಹುಪಾಲು ಹೆಂಗಸರದು. ಅಕ್ಟೋಬರ್–ನವೆಂಬರ್‌ನಲ್ಲಿ ಕಡಲೆಕಾಯಿ ಕೀಳುವಾಗ, ನವೆಂಬರ್–ಡಿಸೆಂಬರ್‌ನಲ್ಲಿ ರಾಗಿ ಕೊಯ್ಲು, ಒಕ್ಕಣೆ ನಡೆಯುವಾಗ ಆಳುಗಳಿಗೆ ಬೇಡಿಕೆ ಹೆಚ್ಚು. ಸುಗ್ಗಿ ಮುಗಿದ ಮೇಲೆ ಮುಂದಿನ ಮುಂಗಾರಿನವರೆಗೆ ಕೂಲಿ ಕಡಿಮೆ. ತೆಂಗು, ಅಡಿಕೆ ತೋಟಗಳಿರುವ ಕಡೆ ಮಾತ್ರ ಕೆಲಸ ವರ್ಷವಿಡೀ ಅಲ್ಪಸ್ವಲ್ಪ ಹಂಚಿಕೆಯಾಗುತ್ತದೆ. ಮಳೆ ಕೈಕೊಟ್ಟ ವರ್ಷ ಸುಗ್ಗಿಯ ಕೂಲಿಯೂ ತಪ್ಪಿ, ಬೆಂಗಳೂರಿನತ್ತ ಗುಳೆ ಹೆಚ್ಚುತ್ತದೆ.

ಉದ್ಯೋಗ ಖಾತ್ರಿ. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆ 2008ರ ಏಪ್ರಿಲ್‌ನಿಂದ ದೇಶದ ಎಲ್ಲ ಗ್ರಾಮೀಣ ಜಿಲ್ಲೆಗಳಿಗೂ ಅನ್ವಯಿಸಿತು. ಅದರಡಿ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸ, ಅರ್ಜಿ ಹಾಕಿದ 15 ದಿನಗಳೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ. ಹೊಲಗಳು ಖಾಲಿಯಿರುವ ಏಪ್ರಿಲ್‌ನಿಂದ ಜೂನ್‌ವರೆಗೆ ಬದು ನಿರ್ಮಾಣ, ಕೃಷಿ ಹೊಂಡ, ಕೆರೆ ಹೂಳೆತ್ತುವ ಕಾಮಗಾರಿಗಳಿಗೆ ಬೇಡಿಕೆ ಏರುವುದು ವಾಡಿಕೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಇದರ ಬದಲಿಗೆ 125 ದಿನಗಳ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕಾಮಗಾರಿ ನಿಲ್ಲಿಸಲು ಅದರಲ್ಲಿ ಅವಕಾಶವಿದೆ.

ಬೇಸಾಯೇತರ ಕೆಲಸ. ಪಾವಗಡದ ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ವಿದ್ಯುತ್ ಪಾರ್ಕ್ ಇದೆ. ಅದರ ಉದ್ಘಾಟನೆ 2018ರ ಮಾರ್ಚ್‌ನಲ್ಲಿ ನಡೆಯಿತು. ಭೂಮಿಯನ್ನು ಖರೀದಿಸದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಲಾಯಿತು. ಜಮೀನಿದ್ದವರಿಗೆ ಇದು ಮಳೆಯ ಹಂಗಿಲ್ಲದ ವರಮಾನ. ಆ ಹೊಲಗಳಲ್ಲಿ ದುಡಿಯುತ್ತಿದ್ದ ಭೂರಹಿತರಿಗೆ ಕೂಲಿ ನಷ್ಟ. ನಿರ್ಮಾಣ ಮುಗಿದ ಮೇಲೆ ಕಾವಲು, ಹುಲ್ಲು ಕತ್ತರಿಸುವುದು, ಫಲಕ ತೊಳೆಯುವಂಥ ಕೆಲಸಗಳಷ್ಟೇ ಉಳಿದವು. ತುಮಕೂರು ಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶ ಕೊರಟಗೆರೆಗೆ ಹತ್ತಿರದಲ್ಲಿದೆ. ಶಿರಾ ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿದೆ. ಹೀಗಾಗಿ ಈ ಎರಡು ತಾಲ್ಲೂಕುಗಳವರಿಗೆ ಬೇಸಾಯದಾಚೆ ಕೆಲಸ ಹುಡುಕಲು ಅವಕಾಶವಿದೆ.

ಅಳತೆ. ಕೇಂದ್ರ ಸರ್ಕಾರದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ 2017ರಲ್ಲಿ ಆರಂಭವಾಯಿತು. 2025ರ ಏಪ್ರಿಲ್‌ನಿಂದ ಅಖಿಲ ಭಾರತ ಮಟ್ಟದ ಮಾಸಿಕ ಅಂದಾಜುಗಳು ಹೊರಬರುತ್ತಿವೆ. ಆ ತಿಂಗಳ ನಿರುದ್ಯೋಗ ದರ ಶೇ. 5.1. ಮಾಸಿಕ ದರ ವಾರದ ಸ್ಥಿತಿಯನ್ನು ಆಧರಿಸಿದ್ದು, ವಾರದಲ್ಲಿ ಒಂದು ಗಂಟೆ ದುಡಿದವರೂ ಉದ್ಯೋಗಸ್ಥರೇ. ಆದ್ದರಿಂದ ವಾರಕ್ಕೆ ಒಂದೆರಡು ದಿನ ಕೂಲಿ ಸಿಗುವವರ ಕೊರತೆ ಈ ದರದಲ್ಲಿ ಕಾಣಿಸದು. ಜನಗಣತಿಯಾದರೋ ವರ್ಷದಲ್ಲಿ ಆರು ತಿಂಗಳಿಗಿಂತ ಕಡಿಮೆ ದುಡಿದವರನ್ನು ಅಲ್ಪಾವಧಿ ದುಡಿಮೆಗಾರರೆಂದು ಬೇರೆಯಾಗಿ ಎಣಿಸುತ್ತದೆ. ತಾಲ್ಲೂಕು ಮಟ್ಟದಲ್ಲಿ ತಿಂಗಳ ಏರಿಳಿತ ತಿಳಿಯಲು ಉದ್ಯೋಗ ಖಾತ್ರಿಯ ಮಾನವ ದಿನಗಳ ಲೆಕ್ಕವೇ ಹೆಚ್ಚು ನೆರವಾಗುತ್ತದೆ.