ಪ್ರಚಾರ ಚಿತ್ರಗಳಲ್ಲಿ ನೈಜ ವಿದ್ಯಾರ್ಥಿಗಳು

ಲಾಂಛನದಂತೆಯೇ ಪರಿಚಯ ಪುಸ್ತಿಕೆಯ ಛಾಯಾಚಿತ್ರಗಳೂ ವಿದ್ಯಾಸಂಸ್ಥೆಯ ಗುರುತನ್ನು ರೂಪಿಸುತ್ತವೆ. ಅವು ಕೃತಕವಾದರೆ ಆಗುವ ಅನಾಹುತಕ್ಕೆ ಅಮೆರಿಕದ ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದ ಪ್ರಕರಣ ನಿದರ್ಶನ.

2000ರಲ್ಲಿ ಅದರ ಪ್ರವೇಶ ಪುಸ್ತಿಕೆಯ ಮುಖಪುಟದಲ್ಲಿ ಫುಟ್‌ಬಾಲ್ ಪ್ರೇಕ್ಷಕರ ಚಿತ್ರ ಅಚ್ಚಾಯಿತು. ಬಿಳಿಯರೇ ತುಂಬಿದ್ದ, 1993ರಲ್ಲಿ ತೆಗೆದ ಆ ಚಿತ್ರಕ್ಕೆ ಕಪ್ಪು ವರ್ಣೀಯ ವಿದ್ಯಾರ್ಥಿಯೊಬ್ಬನ ಮುಖವನ್ನು ಕಂಪ್ಯೂಟರ್ ಮೂಲಕ ಜೋಡಿಸಲಾಗಿತ್ತು. ಆತ ಆ ಪಂದ್ಯಕ್ಕೆ ಹೋಗಿಯೇ ಇರಲಿಲ್ಲ. ವಿದ್ಯಾರ್ಥಿ ಪತ್ರಿಕೆಯಿಂದ ವಿಷಯ ಬಯಲಾದ ಬಳಿಕ ವಿಶ್ವವಿದ್ಯಾಲಯ ಕ್ಷಮೆ ಯಾಚಿಸಿ, ಹೊಸ ಮುಖಪುಟ ಮುದ್ರಿಸಿತು.

ವೈವಿಧ್ಯ ತೋರಿಸುವುದೇ ಉದ್ದೇಶವಾಗಿತ್ತೆಂದು ಅಧಿಕಾರಿಗಳು ಸಮರ್ಥಿಸಿಕೊಂಡರು. ಆದರೆ ಆವರಣದಲ್ಲಿ ವಿರಳವಾಗಿದ್ದ ವೈವಿಧ್ಯವನ್ನು ಚಿತ್ರದಲ್ಲಿ ಸೃಷ್ಟಿಸಿದ್ದೇ ಪ್ರಮಾದವಾಯಿತು. ಪುಸ್ತಿಕೆ ನೋಡಿ ಕಾಲೇಜು ಆರಿಸುವ ವಿದ್ಯಾರ್ಥಿಗೆ ಚಿತ್ರವೂ ಒಂದು ಭರವಸೆ. ಆದ್ದರಿಂದ ತರಗತಿ, ಪ್ರಯೋಗಾಲಯ, ಗ್ರಂಥಾಲಯಗಳಲ್ಲಿ ವಿದ್ಯಾರ್ಥಿಗಳು ಇರುವಂತೆಯೇ, ಅವರ ಒಪ್ಪಿಗೆ ಪಡೆದು ಚಿತ್ರ ತೆಗೆಯುವುದೇ ಲೇಸು.