ಕಲ್ಲು ಅಲ್ಲೇ ಇದೆ, ದೇಶ ಬದಲಾಗಿದೆ

2022ರ ಫೆಬ್ರುವರಿಯಲ್ಲಿ ಯುದ್ಧ ಶುರುವಾದಾಗ ಉಕ್ರೇನಿನ ಭೂಪಟವನ್ನು ನಾನು ಮೊದಲ ಸಲ ಗಮನವಿಟ್ಟು ನೋಡಿದೆ. ನಮ್ಮ ಕಡೆಯ ವೈದ್ಯಕೀಯ ವಿದ್ಯಾರ್ಥಿಗಳು ಯಾವ ಗಡಿ ದಾಟಿ ಬರುತ್ತಿದ್ದಾರೆಂದು ಹುಡುಕುತ್ತ ಹೋದವನಿಗೆ ನೈರುತ್ಯ ಮೂಲೆಯ ಕಾರ್ಪೇಥಿಯನ್ ಬೆಟ್ಟಗಳಲ್ಲಿ ದೀಲೊವೆ ಎಂಬ ಹಳ್ಳಿ ಸಿಕ್ಕಿತು. ಉಕ್ರೇನ್ ಎಂದರೆ ಗೋಧಿಯ ಬಯಲು ಎಂದಷ್ಟೇ ತಿಳಿದಿದ್ದ ನನಗೆ ಇಂಥ ಬೆಟ್ಟದೂರು ಹೊಸದು.

ಕಪ್ಪು ತಿಸಾ, ಬಿಳಿ ತಿಸಾ ಎಂಬ ಎರಡು ಹೊಳೆಗಳು ರಾಖಿವ್ ಪಟ್ಟಣದ ಮೇಲ್ಗಡೆ ಕೂಡಿ ತಿಸಾ ನದಿಯಾಗುತ್ತವೆ. ನದಿ ಇಕ್ಕಟ್ಟಾದ ಕಣಿವೆಯಲ್ಲಿ ದಕ್ಷಿಣಕ್ಕೆ ಇಳಿದು ದೀಲೊವೆಗೆ ಬರುತ್ತದೆ. ಅಲ್ಲಿಂದ ಮುಂದೆ ನದಿಯೇ ಗಡಿ. ಆಚೆ ದಡ ರೊಮೇನಿಯಾ. ಕುರಿ ಸಾಕುವ, ಮರ ಕಡಿಯುವ ಹುತ್ಸುಲ್ ಜನರ ಸೀಮೆಯಿದು.

ಊರಿನ ಹತ್ತಿರ ರಸ್ತೆ ಬದಿಯಲ್ಲಿ 1887ರ ಒಂದು ಕಲ್ಲುಕಂಬವಿದೆ. ನೆಟ್ಟವರು ಆಸ್ಟ್ರಿಯಾ-ಹಂಗೇರಿಯ ಸರ್ವೆಯವರು. ಮೇಲಿನ ಲ್ಯಾಟಿನ್ ಬರಹದ ಆಧಾರದ ಮೇಲೆ ಇದನ್ನು ಯುರೋಪಿನ ಭೌಗೋಳಿಕ ಕೇಂದ್ರವೆಂದು ತೋರಿಸುತ್ತ ಬಂದಿದ್ದಾರೆ. ಆದರೆ ಬರಹ ಹೇಳುವುದು, ಯುರೋಪಿನ ಅಳತೆಯ ಕೆಲಸದಲ್ಲಿ ಬಹಳ ನಿಖರವಾಗಿ ಗುರುತಿಸಿದ ಶಾಶ್ವತ ಸ್ಥಳವಿದು ಎಂದು. ಕೇಂದ್ರ ಎಂಬ ಮಾತೇ ಅದರಲ್ಲಿಲ್ಲ. ನಮ್ಮ ರೈಲ್ವೆ ನಿಲ್ದಾಣದ ಹಳದಿ ಫಲಕದಲ್ಲಿ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದಿರುತ್ತದಲ್ಲ, ಅಂಥ ಎತ್ತರದ ಲೆಕ್ಕಕ್ಕೆ ಬೇಕಾದ ಗುರುತುಕಲ್ಲು ಇದು. ಕೇಂದ್ರ ತಮ್ಮಲ್ಲಿದೆ ಎನ್ನುವವರು ಲಿಥುವೇನಿಯಾ, ಪೋಲೆಂಡ್, ಸ್ಲೊವಾಕಿಯಾಗಳಲ್ಲೂ ಇದ್ದಾರೆ.

ಹಾಗಾದರೆ ದೀಲೊವೆ ಯಾವುದರ ನಡುವೆ ಇತ್ತು? ಮೊದಲ ಮಹಾಯುದ್ಧದವರೆಗೆ ಹಂಗೇರಿ ರಾಜ್ಯದ ಈಶಾನ್ಯ ತುದಿ. 1919ರ ಒಪ್ಪಂದದ ನಂತರ ಜೆಕೊಸ್ಲೊವಾಕಿಯಾದ ಪೂರ್ವದ ಕೊನೆ. 1939ರ ಮಾರ್ಚ್ 15ರಂದು ಈ ಸೀಮೆ ಕಾರ್ಪೇಥಿಯನ್ ಉಕ್ರೇನ್ ಎಂದು ಸ್ವಾತಂತ್ರ್ಯ ಸಾರಿಕೊಂಡಿತು. ಕೆಲವೇ ದಿನಗಳಲ್ಲಿ ಹಂಗೇರಿಯ ಸೈನ್ಯ ಅದನ್ನು ನುಂಗಿತು. 1944ರಲ್ಲಿ ಈ ಸೀಮೆಯ ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಆಶ್‌ವಿಟ್ಜ್‌ಗೆ ಕಳಿಸಿದರು. 1945ರಲ್ಲಿ ಊರು ಸೋವಿಯತ್ ಒಕ್ಕೂಟದ ಪಶ್ಚಿಮದ ಅಂಚಾಯಿತು. ಟ್ರೆಬುಶಾನಿ ಎಂಬ ಹಳೆಯ ಹೆಸರು ಹೋಗಿ ದೀಲೊವೆ ಬಂದದ್ದೂ ಆಮೇಲೆಯೇ. 1991ರಿಂದ ಇದು ಉಕ್ರೇನಿನ ನೈರುತ್ಯ ಮೂಲೆ.

ಈ ಸೀಮೆಯಲ್ಲೊಂದು ಹಳೆಯ ತಮಾಷೆಯಿದೆ. ಅಜ್ಜನೊಬ್ಬ ಆಸ್ಟ್ರಿಯಾ-ಹಂಗೇರಿಯಲ್ಲಿ ಹುಟ್ಟಿ, ಜೆಕೊಸ್ಲೊವಾಕಿಯಾದಲ್ಲಿ ಓದಿ, ಹಂಗೇರಿಯಲ್ಲಿ ಮದುವೆಯಾಗಿ, ಸೋವಿಯತ್‌ನಲ್ಲಿ ದುಡಿದು, ಉಕ್ರೇನಿನಲ್ಲಿ ಮುಪ್ಪಾದನಂತೆ. ಬಹಳ ಊರು ತಿರುಗಿದ್ದೀರಿ ಎಂದರೆ, ನಾನು ಊರು ಬಿಟ್ಟು ಹೋಗಿದ್ದೆಲ್ಲಿ ಎಂದನಂತೆ. ನಕ್ಕ ಮೇಲೆ ಯೋಚಿಸಿದೆ. ಅಜ್ಜನ ಐದು ದೇಶಗಳಲ್ಲಿ ಯಾವುದೂ ಬರುವ ಮುಂಚೆ ಅವನನ್ನು ಕೇಳಿರಲಿಲ್ಲ.

ಈಗಲೂ ಕೇಳುತ್ತಿಲ್ಲ. ಬಹುಕಾಲ ನಿಂತಿದ್ದ, ರಾಖಿವ್‌ನಿಂದ ಗಡಿಯಾಚೆಯ ರೊಮೇನಿಯಾಕ್ಕೆ ಹೋಗುವ ರೈಲು 2023ರಲ್ಲಿ ಮತ್ತೆ ಶುರುವಾಯಿತು. ಆದರೆ 18ರಿಂದ 60ರ ಪ್ರಾಯದ ಗಂಡಸರು ದೇಶ ಬಿಡುವಂತಿಲ್ಲವೆಂದು ಯುದ್ಧ ಶುರುವಾದ ಕೂಡಲೇ ಆಜ್ಞೆಯಾಗಿತ್ತು. ಸೈನ್ಯಕ್ಕೆ ಹೋಗಲೊಲ್ಲದ ಎಷ್ಟೋ ಜನ ರಾತ್ರಿ ಹೊತ್ತು ತಿಸಾಕ್ಕೆ ಇಳಿದರು. ಬೆಟ್ಟದ ನೀರು, ಥಂಡಿ, ಸೆಳೆತ. ಹಲವರು ಆಚೆ ದಡ ಸೇರಲಿಲ್ಲ. ಹೆಣಗಳನ್ನು ಎತ್ತಿದ ಗಡಿಪಡೆಯೇ ಅದನ್ನು ಹೇಳಿದೆ.

ಆ ನದಿಯ ದಂಡೆಯಲ್ಲೇ ಕಲ್ಲು ನಿಂತಿದೆ. ಅದರ ಮೇಲೆ ಶಾಶ್ವತ ಸ್ಥಳ ಎಂದು ಬರೆದವರ ಸಾಮ್ರಾಜ್ಯ 31 ವರ್ಷಕ್ಕೆ ಇಲ್ಲವಾಯಿತು.