ಗೊತ್ತಿದ್ದೂ ಸುಮ್ಮನಿದ್ದರು: ರುವಾಂಡ, 1994

ವಿಶ್ವಸಂಸ್ಥೆಯ ಪಾಠ ಮಾಡುವಾಗ ಹತ್ತನೆಯ ತರಗತಿಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. "ಮಾಷ್ಟ್ರೇ, ಹಿಟ್ಲರ್ ಯಹೂದಿಗಳನ್ನು ಕೊಲ್ಲಿಸಿದಾಗ ವಿಶ್ವಸಂಸ್ಥೆ ಇರಲಿಲ್ಲ. ಆಮೇಲೆ ಅಂಥದ್ದು ಆಗಿಲ್ಲ ಅಲ್ವಾ?" ಆಗಿದೆ ಮಕ್ಕಳೇ ಎಂದು ರುವಾಂಡದ ಕಥೆ ಹೇಳುತ್ತೇನೆ.

ರುವಾಂಡ ಮಧ್ಯ ಆಫ್ರಿಕದ ಪುಟ್ಟ ದೇಶ. ಅಲ್ಲಿ ಹುಟುಗಳು ಬಹುಸಂಖ್ಯಾತರು, ಟುಟ್ಸಿಗಳು ಅಲ್ಪಸಂಖ್ಯಾತರು. ಇಬ್ಬರ ಭಾಷೆಯೂ ಒಂದೇ. ಆಳಲು ಬಂದ ಬೆಲ್ಜಿಯಂನವರು ಗುರುತಿನ ಚೀಟಿಯಲ್ಲಿ ಜನಾಂಗ ಬರೆಸಿ ನಡುವೆ ಗೋಡೆ ಕಟ್ಟಿದರು. 1994ರ ಏಪ್ರಿಲ್ 6ರಂದು ಅಧ್ಯಕ್ಷ ಹಬ್ಯಾರಿಮಾನ ಅವರ ವಿಮಾನವನ್ನು ಹೊಡೆದುರುಳಿಸಲಾಯಿತು. ಆ ರಾತ್ರಿಯೇ ಕೊಲೆ ಶುರುವಾಯಿತು. ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನ ಸತ್ತರು. ಹೆಚ್ಚಿನವರು ಟುಟ್ಸಿಗಳು, ಕೊಲ್ಲಲು ಒಪ್ಪದ ಹುಟುಗಳೂ ಇದ್ದರು.

ದೊಡ್ಡ ದೇಶಗಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ವಿಶ್ವಸಂಸ್ಥೆಯ ಶಾಂತಿಪಡೆ ಮೊದಲೇ ಅಲ್ಲಿತ್ತು. ಅದರ ದಂಡನಾಯಕ, ಕೆನಡಾದ ರೋಮಿಯೋ ಡಲ್ಲೇರ್, ಜನವರಿ 11ರಂದೇ ನ್ಯೂಯಾರ್ಕಿಗೆ ಸಂದೇಶ ಕಳಿಸಿದ್ದರು. ಆಯುಧಗಳನ್ನು ಬಚ್ಚಿಟ್ಟಿದ್ದಾರೆ, ಟುಟ್ಸಿಗಳ ಪಟ್ಟಿ ಮಾಡುತ್ತಿದ್ದಾರೆ, ಆಯುಧ ವಶಪಡಿಸಿಕೊಳ್ಳುತ್ತೇನೆ ಎಂದಿದ್ದರು. ಬೇಡ ಎಂಬ ಉತ್ತರ ಬಂತು.

ಕಾರಣವೇನು? 1993ರ ಅಕ್ಟೋಬರಿನಲ್ಲಿ ಸೊಮಾಲಿಯಾದ ಮೊಗಾದಿಶುವಿನಲ್ಲಿ 18 ಅಮೆರಿಕನ್ ಸೈನಿಕರು ಸತ್ತಿದ್ದರು. ಮತ್ತೊಂದು ಆಫ್ರಿಕನ್ ಜಗಳಕ್ಕೆ ಕೈಹಾಕಲು ಅಮೆರಿಕ ತಯಾರಿರಲಿಲ್ಲ. ಏಪ್ರಿಲ್ 7ರಂದು ಬೆಲ್ಜಿಯಂನ 10 ಸೈನಿಕರ ಕೊಲೆಯಾಯಿತು. ಬೆಲ್ಜಿಯಂ ತನ್ನ ಪಡೆಯನ್ನು ಹಿಂದಕ್ಕೆ ಕರೆಸಿತು. ಫ್ರಾನ್ಸ್ ಅಲ್ಲಿನ ಸರ್ಕಾರದ ಹಳೆಯ ಸ್ನೇಹಿತ. ಏಪ್ರಿಲ್ 21ರಂದು, ಹೆಣಗಳು ಬೀಳುತ್ತಿರುವಾಗಲೇ, ಭದ್ರತಾ ಮಂಡಳಿ ಸುಮಾರು 2,500 ಜನರಿದ್ದ ಪಡೆಯನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು.

ಇನ್ನೊಂದು ಕಾರಣ ಒಂದು ಶಬ್ದ. 1948ರ ಒಪ್ಪಂದದ ಪ್ರಕಾರ ಜನಾಂಗಹತ್ಯೆಯನ್ನು ತಡೆಯುವುದು ಸಹಿ ಹಾಕಿದ ದೇಶಗಳ ಹೊಣೆ. ಆ ಹೆಸರಿಟ್ಟು ಕರೆದರೆ ಏನಾದರೂ ಮಾಡಲೇಬೇಕಾದೀತು ಎಂದು ಅಮೆರಿಕದ ಅಧಿಕಾರಿಗಳು ಆ ಶಬ್ದವನ್ನೇ ನುಂಗಿದರು. ಜೂನಿನಲ್ಲಿ ವಕ್ತಾರರೊಬ್ಬರು 'ಜನಾಂಗಹತ್ಯೆಯ ಕೃತ್ಯಗಳು' ನಡೆದಿವೆ ಎಂದರು. ಅಂಥ ಎಷ್ಟು ಕೃತ್ಯಗಳು ಸೇರಿದರೆ ಜನಾಂಗಹತ್ಯೆ ಆಗುತ್ತದೆ ಎಂದು ಪತ್ರಕರ್ತರೊಬ್ಬರು ಕೇಳಿದಾಗ ನೇರ ಉತ್ತರ ಬರಲಿಲ್ಲ.

ಇಷ್ಟು ಹೇಳಿದ ಮೇಲೆ ಮಕ್ಕಳಿಗೆ ಒಂದು ಶಾಲೆಯ ಸಂಗತಿ ಹೇಳುತ್ತೇನೆ. ರಾಜಧಾನಿ ಕಿಗಾಲಿಯ ಒಂದು ತಾಂತ್ರಿಕ ಶಾಲೆಯಲ್ಲಿ ಬೆಲ್ಜಿಯಂ ಸೈನಿಕರ ಕಾವಲಿತ್ತು. ಸುಮಾರು 2,000 ಜನ ಅಲ್ಲಿ ಆಸರೆ ಪಡೆದಿದ್ದರು. ಏಪ್ರಿಲ್ 11ರಂದು ಸೈನಿಕರು ಲಾರಿ ಹತ್ತಿ ಹೊರಟರು. ಹೊರಗೆ ಕಾಯುತ್ತಿದ್ದವರು ಒಳನುಗ್ಗಿದರು. ಅದೇ ದಿನ ಅವರಲ್ಲಿ ಹೆಚ್ಚಿನವರ ಕೊಲೆಯಾಯಿತು. ಅದೇ ಊರಿನ ಅಮಹೋರೊ ಕ್ರೀಡಾಂಗಣದಲ್ಲಿ ಶಾಂತಿಪಡೆ ಉಳಿಯಿತು. ಅಲ್ಲಿ ಸಾವಿರಾರು ಜನ ಬದುಕಿಕೊಂಡರು. ಡಲ್ಲೇರ್ ಜೊತೆ ಕೊನೆಯವರೆಗೆ ಉಳಿದ ಕೆಲವು ನೂರು ಸೈನಿಕರಲ್ಲಿ ಬಡ ಘಾನಾ ದೇಶದವರೇ ಮುಖ್ಯರು. ಹಾಗಾಗಿ 'ಮಾಡಲು ಸಾಧ್ಯವಿರಲಿಲ್ಲ' ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

1998ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಕಿಗಾಲಿಗೆ ಹೋಗಿ, ಮಾಡಬೇಕಾದಷ್ಟು ಮಾಡಲಿಲ್ಲ ಎಂದು ಒಪ್ಪಿಕೊಂಡರು. ಸೈನಿಕರು ಸತ್ತರೆ ಸರ್ಕಾರವನ್ನು ಕೇಳುವವರಿದ್ದಾರೆ. ದೂರದ ದೇಶದಲ್ಲಿ ಪರರು ಸತ್ತರೆ ಕೇಳುವವರು ಕಡಿಮೆ. ನಮ್ಮ ಮಕ್ಕಳು ನಾಳೆ ಮತದಾರರಾಗುವವರು. ಕೇಳುವುದನ್ನು ಅವರು ಶಾಲೆಯಲ್ಲೇ ಕಲಿಯಲಿ ಎಂದು ಈ ಪಾಠಕ್ಕೆ ಪ್ರತಿವರ್ಷ ಒಂದು ಪಿರಿಯಡ್ ಹೆಚ್ಚು ತೆಗೆದುಕೊಳ್ಳುತ್ತೇನೆ.